ಗೇಜ್ ಎಂಟು ಅಡಿ ಎಂದಾಗ

ಕಾರ್ಖಾನೆಯೊಂದರಲ್ಲಿ ಸ್ಫೋಟವಾದ ಮರುದಿನದ ಸುದ್ದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸಂಗತಿಗಳಿರುತ್ತವೆ: ಸತ್ತವರ ಸಂಖ್ಯೆ, ಪರಿಹಾರದ ಮೊತ್ತ, ದಾಖಲಾದ ಎಫ್‌ಐಆರ್, ಮತ್ತು ಕಾರಣ. ಬೆಂಕಿ ಪೂರ್ತಿ ಆರುವ ಮೊದಲೇ ಕಾರಣ ಸಿದ್ಧವಾಗಿರುತ್ತದೆ. ಶಾರ್ಟ್ ಸರ್ಕಿಟ್, ಬಾಯ್ಲರ್ ಸಿಡಿತ, ಇಲ್ಲವೇ ಕಾರ್ಮಿಕರ ನಿರ್ಲಕ್ಷ್ಯ. ಮೊದಲ ಮೂರರ ಬಗ್ಗೆ ನನ್ನ ತಕರಾರಿಲ್ಲ, ನಾಲ್ಕನೆಯದರ ಬಗ್ಗೆ ಇದೆ. ರಾಸಾಯನಿಕ ಸ್ಥಾವರವೊಂದು ಯಾಕೆ ಸಿಡಿಯಿತು ಎಂಬುದು ಒಂದು ರಾತ್ರಿಯಲ್ಲಿ ಗೊತ್ತಾಗುವ ಸಂಗತಿಯಲ್ಲ. ಬಲ್ಲವರು ತಾಳ್ಮೆಯಿಂದ ಹುಡುಕಿದ ಕಡೆ ಅದಕ್ಕೆ ಒಂದೆರಡು ವರ್ಷ ಹಿಡಿದಿದೆ. ಹಾಗೆ ಹುಡುಕಿದ್ದರಿಂದ ಏನು ಸಿಕ್ಕಿತು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

2005ರ ಮಾರ್ಚ್ 23. ಟೆಕ್ಸಾಸ್ ರಾಜ್ಯದ ಟೆಕ್ಸಾಸ್ ಸಿಟಿಯಲ್ಲಿರುವ ಬಿಪಿ ಕಂಪನಿಯ ತೈಲ ಸಂಸ್ಕರಣಾಗಾರ. ದುರಸ್ತಿಗಾಗಿ ನಿಲ್ಲಿಸಿದ್ದ ಒಂದು ಘಟಕವನ್ನು ಮತ್ತೆ ಚಾಲೂ ಮಾಡುತ್ತಿದ್ದರು. ಅದರಲ್ಲಿ 170 ಅಡಿ ಎತ್ತರದ ಒಂದು ಗೋಪುರ. ಪೆಟ್ರೋಲಿನಂತೆಯೇ ಸುಲಭವಾಗಿ ಹೊತ್ತಿಕೊಳ್ಳುವ ದ್ರವವನ್ನು ಅದರಲ್ಲಿ ಕಾಯಿಸಿ, ಹಗುರ ಭಾಗವನ್ನೂ ಭಾರದ ಭಾಗವನ್ನೂ ಬೇರ್ಪಡಿಸುತ್ತಾರೆ. ಚಾಲೂ ಮಾಡುವಾಗ ಗೋಪುರದ ತಳದಲ್ಲಿ ಸುಮಾರು ಆರೂವರೆ ಅಡಿ ದ್ರವ ಇದ್ದರೆ ಸಾಕು. ಅಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಶುರುವಾದ ಒಳಹರಿವು ನಿಲ್ಲಲಿಲ್ಲ, ಮೂರು ಗಂಟೆ ಕಾಲ ಹೊರಹರಿವು ಮಾತ್ರ ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆ ನಾಲ್ಕು ನಿಮಿಷಕ್ಕೆ ದ್ರವ 158 ಅಡಿ ಏರಿತ್ತು. ಕಂಟ್ರೋಲ್ ರೂಮಿನ ಪರದೆ 7.9 ಅಡಿ ಎಂದು ತೋರಿಸುತ್ತಿತ್ತು. ಅದೂ ನಿಧಾನವಾಗಿ ಇಳಿಯುತ್ತಿದೆ ಎಂದು.

ಆಮೇಲಿನದು ಬೇಗ ಬೇಗ ನಡೆಯಿತು. ತುಂಬಿ ತುಳುಕಿದ ದ್ರವ ಗೋಪುರದ ತುದಿಯ ಪೈಪಿಗೆ ನುಗ್ಗಿತು. ಅದರ ಭಾರಕ್ಕೆ ಕೆಳಗಿನ ಸುರಕ್ಷಾ ವಾಲ್ವ್‌ಗಳು ತೆರೆದುಕೊಂಡವು. ಅಲ್ಲಿಂದ ಹೊರಬಿದ್ದದ್ದು ಬ್ಲೋಡೌನ್ ಡ್ರಮ್ ಎಂಬ ಹಳೆಯ ತೊಟ್ಟಿಗೆ ಹೋಗಿ, ಅದೂ ತುಂಬಿ, ಆಕಾಶಕ್ಕೆ ಬಾಯ್ತೆರೆದಿದ್ದ ಅದರ ಚಿಮಣಿಯಿಂದ ಬುಗ್ಗೆಯಂತೆ ಚಿಮ್ಮಿತು. ಒಂದು ದೊಡ್ಡ ಟ್ಯಾಂಕರ್ ಲಾರಿ ತುಂಬುವಷ್ಟು ದ್ರವ ನೆಲಕ್ಕೆ ಬಿದ್ದು ಆವಿಯಾಗಿ ಹರಡಿತು. ಹತ್ತಿರದಲ್ಲೇ ಎಂಜಿನ್ ಆನ್ ಆಗಿದ್ದ ಒಂದು ಪಿಕಪ್ ಟ್ರಕ್ ಅದಕ್ಕೆ ಕಿಡಿ ಕೊಟ್ಟಿರಬೇಕು. 1.20ಕ್ಕೆ ಸ್ಫೋಟ. 15 ಸಾವು, 180 ಮಂದಿಗೆ ಗಾಯ. ಸತ್ತವರಲ್ಲಿ ಒಬ್ಬರೂ ಆ ಗೋಪುರವನ್ನು ನಡೆಸುತ್ತಿದ್ದವರಲ್ಲ. ಎಲ್ಲರೂ ಗುತ್ತಿಗೆ ಸಂಸ್ಥೆಗಳ ಸಿಬ್ಬಂದಿ. ಬೇರೊಂದು ಘಟಕದ ಕೆಲಸಕ್ಕೆ ಬಂದು, ಬ್ಲೋಡೌನ್ ಡ್ರಮ್ಮಿನಿಂದ ಕೇವಲ 121 ಅಡಿ ದೂರದಲ್ಲಿ ನಿಲ್ಲಿಸಿದ್ದ ಟ್ರೇಲರ್‌ನಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಇದ್ದವರು. ಪಕ್ಕದಲ್ಲಿ ಅಪಾಯದ ಘಟಕವೊಂದು ಚಾಲೂ ಆಗುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎರಡು ತಿಂಗಳಿಗೆ ಕಂಪನಿಯ ಮಧ್ಯಂತರ ವರದಿ ಬಂತು. ಅದು ಬೆರಳು ತೋರಿಸಿದ್ದು ಆಪರೇಟರ್‌ಗಳ ಮತ್ತು ಕೆಳಹಂತದ ಸೂಪರ್‌ವೈಸರ್‌ಗಳ ಕಡೆಗೆ. ಲಿಖಿತ ಕ್ರಮವನ್ನು ಅವರು ಪಾಲಿಸಲಿಲ್ಲ, ಗೋಪುರವನ್ನು ಅತಿಯಾಗಿ ತುಂಬಿದರು, ಅತಿಯಾಗಿ ಕಾಯಿಸಿದರು ಎಂದು. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಹೊರಹರಿವಿನ ವಾಲ್ವ್ ಮುಚ್ಚಿದ್ದು ನಿಜ, ಗೋಪುರ ತುಂಬಿದ್ದು ನಿಜ. ಕಂಪನಿಯ ಮೊದಲ ತನಿಖೆ ಇಲ್ಲಿಗೆ ನಿಂತಿತು; ಕೆಮಿಕಲ್ ಸೇಫ್ಟಿ ಬೋರ್ಡ್ ಎಂಬ ಸರ್ಕಾರಿ ತನಿಖಾ ಮಂಡಳಿ ಇಲ್ಲಿಂದ ಶುರು ಮಾಡಿತು. ಅನುಭವಿ ಆಪರೇಟರ್ ಒಬ್ಬ 170 ಅಡಿಯ ಗೋಪುರವನ್ನು ಕಂಠಪೂರ್ತಿ ತುಂಬುವವರೆಗೆ ಎಲ್ಲ ಸರಿಯಾಗಿದೆ ಎಂದು ನಂಬಿ ಕೂತಿದ್ದು ಹೇಗೆ?

ಮಂಡಳಿಯ ತನಿಖೆದಾರರು ಮೊದಲು ಆ ಗೇಜನ್ನೇ ಹಿಡಿದುಕೊಂಡರು. ಗೋಪುರದ ತಳದಲ್ಲಿದ್ದದ್ದು ತೂಗುಬಿಟ್ಟ ಲೋಹದ ದಿಂಡಿನ ಮಾದರಿಯ ಮಾಪಕ. ಬಾವಿಯಿಂದ ಸೇದುವಾಗ ಕೊಡ ನೀರಿನೊಳಗಿರುವಷ್ಟು ಹೊತ್ತು ಹಗುರ ಎನಿಸುತ್ತದಲ್ಲ, ಅದೇ ತತ್ವ. ದ್ರವ ಏರಿದಂತೆ ದಿಂಡು ಹಗುರಾಗುತ್ತದೆ, ಎಷ್ಟು ಹಗುರಾಯಿತು ಎಂಬುದರಿಂದ ಮಟ್ಟದ ಲೆಕ್ಕ. ಆದರೆ ದಿಂಡು ಪೂರ್ತಿ ಮುಳುಗಿದ ಮೇಲೆ ದ್ರವ ಇನ್ನು ಹತ್ತು ಅಡಿ ಏರಲಿ, ನೂರು ಅಡಿ ಏರಲಿ, ಅದಕ್ಕೆ ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದೆ ಅದು ಅಳೆಯುವುದು ದ್ರವದ ಸಾಂದ್ರತೆಯನ್ನು ಮಾತ್ರ. ಕಾಯಿಸಿದಂತೆ ದ್ರವದ ಸಾಂದ್ರತೆ ಕಡಿಮೆಯಾಗುತ್ತದೆ, ದಿಂಡನ್ನು ಎತ್ತುವ ಬಲವೂ ಕಡಿಮೆಯಾಗುತ್ತದೆ, ಪರದೆಯ ಮೇಲೆ ಮಟ್ಟ ಇಳಿದಂತೆ ಕಾಣುತ್ತದೆ. ಗೋಪುರದಲ್ಲಿ ದ್ರವ ಏರುತ್ತಿದ್ದಾಗ ಗೇಜ್ ಇಳಿಯುತ್ತಿದ್ದದ್ದು ಹೀಗೆ. ಮಾಪಕ ಕೆಟ್ಟಿರಲಿಲ್ಲ, ಭೌತಶಾಸ್ತ್ರ ಹೇಳಿದಂತೆಯೇ ನಡೆದುಕೊಂಡಿತ್ತು. ಒಂಬತ್ತು ಅಡಿಯ ಆಚೆಗೆ ಕುರುಡಾದ ಒಂದೇ ಮಾಪಕವನ್ನು ನಂಬಿ 170 ಅಡಿಯ ಗೋಪುರವನ್ನು ನಡೆಸಬಹುದು ಎಂದು ಎಂದೋ ಯಾರೋ ಒಪ್ಪಿಕೊಂಡಿದ್ದರು. ಮೇಲಾಗಿ ಅದನ್ನು ಹೊಂದಿಸಿದ್ದು ಹಳೆಯ ಮಾಹಿತಿ ಹಾಳೆಯೊಂದರ ಪ್ರಕಾರ. ಕಣ್ಣಾರೆ ನೋಡಲು ಇದ್ದ ಗಾಜಿನ ನಳಿಗೆ ಕೊಳೆ ಹಿಡಿದು ಏನೂ ಕಾಣುವಂತಿರಲಿಲ್ಲ. ಮಟ್ಟ ಮೀರಿದರೆ ಕೂಗಬೇಕಿದ್ದ ಎರಡನೆಯ, ಪ್ರತ್ಯೇಕ ಅಲಾರಂ ಕೂಗಲೇ ಇಲ್ಲ.

ಅಲ್ಲಿಂದ ಅವರು ಪರದೆಗೆ ಬಂದರು. ಗೋಪುರಕ್ಕೆ ಎಷ್ಟು ದ್ರವ ಹೋಗುತ್ತಿದೆ ಎಂಬುದು ಒಂದು ಪರದೆಯಲ್ಲಿ, ಎಷ್ಟು ಹೊರಬರುತ್ತಿದೆ ಎಂಬುದು ಇನ್ನೊಂದರಲ್ಲಿ. ಎರಡನ್ನೂ ಕಳೆದು ಒಳಗೆ ಎಷ್ಟು ಉಳಿಯಿತು ಎಂದು ತೋರಿಸುವ ವ್ಯವಸ್ಥೆ ಇರಲಿಲ್ಲ. ಪರದೆಯಿಂದ ಮನುಷ್ಯನಿಗೆ. ಆ ಆಪರೇಟರ್ 12 ಗಂಟೆಯ ಪಾಳಿಯನ್ನು 29 ದಿನ ಒಂದೇ ಸಮನೆ, ರಜೆಯಿಲ್ಲದೆ ಮಾಡಿದ್ದ. ಮೊದಲು ಇಬ್ಬರಿದ್ದ ಜಾಗದಲ್ಲಿ ಈಗ ಒಬ್ಬನೇ ಮೂರು ಘಟಕಗಳನ್ನು ನೋಡಬೇಕಿತ್ತು. ರಾತ್ರಿ ಪಾಳಿಯವರು ಲಾಗ್ ಬುಕ್ಕಿನಲ್ಲಿ ಬಿಟ್ಟುಹೋಗಿದ್ದು ಒಂದೇ ಒಂದು ಸಾಲು, ಅದರಿಂದ ಗೋಪುರ ಎಷ್ಟು ತುಂಬಿದೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಬೆಳಗಿನ ಸೂಪರ್‌ವೈಸರ್ ಮನೆಯವರ ಅನಾರೋಗ್ಯದ ಕರೆ ಬಂದು ಹೊರಟುಹೋಗಿದ್ದರು, ಅವರ ಜಾಗಕ್ಕೆ ಬೇರೆ ಅನುಭವಿಗಳನ್ನು ಕೂರಿಸಿರಲಿಲ್ಲ. ಲಿಖಿತ ಕ್ರಮವನ್ನು ಮೀರಿದ್ದು ಆ ದಿನ ಮಾತ್ರವೇ? ಹಿಂದಿನ ಐದು ವರ್ಷಗಳಲ್ಲಿ ಆ ಘಟಕವನ್ನು ಚಾಲೂ ಮಾಡಿದ 19 ಸಲದ ಕಂಪ್ಯೂಟರ್ ದಾಖಲೆಗಳನ್ನು ತನಿಖೆದಾರರು ತೆಗೆದು ನೋಡಿದರು. ಬಹುಪಾಲು ಸಲ ಗೋಪುರವನ್ನು ಗೇಜಿನ ಮಿತಿಗಿಂತ ಮೇಲಕ್ಕೆ ತುಂಬಿದ್ದರು. ತಳ ಬರಿದಾದರೆ ದ್ರವ ಕಾಯಿಸುವ ಕುಲುಮೆ ಹಾಳಾಗುತ್ತದೆ ಎಂಬ ಭಯಕ್ಕೆ ಬೆಳೆದ ರೂಢಿ ಅದು. ಅದನ್ನು ಯಾರೂ ತಪ್ಪು ಎಂದು ನಿಲ್ಲಿಸಿರಲಿಲ್ಲ.

ಮನುಷ್ಯನಿಂದ ಕಚೇರಿಗೆ. 1950ರ ದಶಕದ ಆ ಬ್ಲೋಡೌನ್ ಡ್ರಮ್ಮನ್ನು ತೆಗೆದು, ಹೊರಬಿದ್ದ ಆವಿಯನ್ನು ಸುರಕ್ಷಿತವಾಗಿ ಸುಡುವ ಫ್ಲೇರ್‌ಗೆ ಜೋಡಿಸುವ ಪ್ರಸ್ತಾವಗಳು ಹಿಂದೆ ಬಂದು ಕೈಬಿಡಲ್ಪಟ್ಟಿದ್ದವು. 1994ರಿಂದ 2004ರವರೆಗೆ ಅದೇ ಡ್ರಮ್ಮಿನಿಂದ ಎಂಟು ಬಾರಿ ಅಪಾಯಕಾರಿ ಆವಿ ಹೊರಬಿದ್ದಿತ್ತು. ಅದಕ್ಕೂ ಮೇಲೆ, ಲಂಡನ್ನಿನ ಮುಖ್ಯ ಕಚೇರಿಯಿಂದ 1999ರಲ್ಲಿ ಬಂದ ಶೇ. 25ರ ವೆಚ್ಚ ಕಡಿತದ ಆದೇಶ. 2007ರ ಮಾರ್ಚ್‌ನಲ್ಲಿ ಮಂಡಳಿಯ ಅಂತಿಮ ವರದಿ ಹೊರಬಂದಾಗ, ವಾಲ್ವ್ ಮುಚ್ಚಿದ ಕೈಯಿಂದ ಹೊರಟ ದಾರಿ ಆಡಳಿತ ಮಂಡಳಿಯ ಸಭೆಯ ಕೋಣೆಯವರೆಗೆ ತಲುಪಿತ್ತು.

ಈ ತನಿಖೆಯಿಂದ ನಾನು ತೆಗೆದುಕೊಳ್ಳುವ ಮಾತು ಇಷ್ಟು: ಕೊನೆಯದಾಗಿ ಮುಟ್ಟಿದವನ ಹೆಸರು ಸಿಕ್ಕ ಕೂಡಲೇ ನಿಲ್ಲುವ ತನಿಖೆ ತನಿಖೆಯೇ ಅಲ್ಲ. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ಸುರಕ್ಷತಾ ಸಲಹೆಗಾರರಾಗಿದ್ದ ಟ್ರೆವರ್ ಕ್ಲೆಟ್ಜ್ ತಮ್ಮ ಪುಸ್ತಕಗಳಲ್ಲಿ ಜೀವನವಿಡೀ ವಾದಿಸಿದ್ದು ಇದನ್ನೇ. ಮನುಷ್ಯರು ತಪ್ಪು ಮಾಡುತ್ತಾರೆ, ನಾಳೆಯೂ ಮಾಡುತ್ತಾರೆ. ಹಾಗಾಗಿ ಮಾನವ ದೋಷ ಎಂದು ಬರೆದು ವರದಿ ಮುಗಿಸಿದರೆ ಬದಲಾಯಿಸಲು ಏನೂ ಉಳಿಯುವುದಿಲ್ಲ. ಕಿಡಿಯ ಬಗ್ಗೆಯೂ ಅವರ ನಿಲುವು ಹಾಗೇ. ಸುಡುವ ಆವಿ ಹರಡಿದ ಮೇಲೆ ಕಿಡಿ ಎಲ್ಲಿಂದಾದರೂ ಬಂದೇ ಬರುತ್ತದೆ. ಆವಿ ಹೊರಗೆ ಬಂದದ್ದು ಯಾಕೆ ಎಂಬುದನ್ನು ಬಿಟ್ಟು ಕಿಡಿಯ ಹಿಂದೆ ಬಿದ್ದರೆ ಹೊತ್ತು ಹೋಗುತ್ತದೆ, ಕಾರಣ ಸಿಗುವುದಿಲ್ಲ. ನಮ್ಮ ಸುದ್ದಿಗಳ ಶಾರ್ಟ್ ಸರ್ಕಿಟ್ ಹೀಗೆ ಕಿಡಿಯನ್ನೇ ಕಾರಣವೆಂದು ಕರೆಯುವ ಅಭ್ಯಾಸ.

ಮಾಪಕವನ್ನು ನಂಬಿ ಕೆಟ್ಟ ಕಥೆ ಟೆಕ್ಸಾಸ್‌ಗೆ ಮುಗಿಯಲಿಲ್ಲ. ಅದೇ 2005ರ ಡಿಸೆಂಬರ್ 11ರ ಭಾನುವಾರ ಬೆಳಗಿನ ಜಾವ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಡಿಪೋದಲ್ಲಿ ಪೆಟ್ರೋಲ್ ಟ್ಯಾಂಕ್ ಉಕ್ಕಿ ಹರಿಯಿತು. ಮಟ್ಟದ ಗೇಜ್ ಒಂದೇ ಅಂಕಿಯಲ್ಲಿ ಅಂಟಿಕೊಂಡಿತ್ತು. ಅದು ಕೈಕೊಟ್ಟರೆ ಒಳಹರಿವನ್ನು ತಾನಾಗಿ ನಿಲ್ಲಿಸಬೇಕಿದ್ದ ಇನ್ನೊಂದು ಸ್ವಿಚ್ ಕೆಲಸ ಮಾಡಲಿಲ್ಲ. ಅದರ ಪರೀಕ್ಷಾ ಹಿಡಿಕೆಯನ್ನು ಸರಿಯಾದ ಸ್ಥಾನದಲ್ಲಿ ಹಿಡಿದಿಡಲು ಒಂದು ಬೀಗ ಬೇಕಿತ್ತು. ಆ ಬೀಗ ಹಾಕಿರಲಿಲ್ಲ, ಅದು ಯಾತಕ್ಕೆ ಎಂದು ಅಳವಡಿಸಿದವರಿಗೆ ಗೊತ್ತಿರಲಿಲ್ಲ. ಸ್ಫೋಟವಾದದ್ದು ಭಾನುವಾರ ಬೆಳಿಗ್ಗೆ ಆರು ಗಂಟೆಗಾದ್ದರಿಂದ ಪ್ರಾಣಹಾನಿಯಾಗಲಿಲ್ಲ ಎಂಬುದೊಂದೇ ಸಮಾಧಾನ.

2020ರ ಮೇ 7ರ ವಿಶಾಖಪಟ್ಟಣದಲ್ಲಿ ಆ ಸಮಾಧಾನವೂ ಇಲ್ಲ. ಲಾಕ್‌ಡೌನ್‌ನಲ್ಲಿ ನಿಂತಿದ್ದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರಬಿದ್ದು, ನಿದ್ದೆಯಲ್ಲಿದ್ದ ಸುತ್ತಲಿನ ಜನರಲ್ಲಿ 12 ಮಂದಿ ಸತ್ತರು. ಸ್ಟೈರೀನ್ ಸುಮ್ಮನೆ ಇಟ್ಟರೂ ತನ್ನಷ್ಟಕ್ಕೆ ಪಾಲಿಮರ್ ಆಗುತ್ತಾ ಶಾಖ ಬಿಡುವ ದ್ರವ. ಅದನ್ನು ತಂಪಾಗಿಡಬೇಕು, ಪ್ರತಿಬಂಧಕ ರಾಸಾಯನಿಕ ಬೆರೆಸಿಡಬೇಕು. ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಎತ್ತಿ ತೋರಿಸಿದ ಲೋಪಗಳಲ್ಲಿ ಒಂದು ನನ್ನನ್ನು ತಡೆದು ನಿಲ್ಲಿಸಿತು. ತಾಪಮಾನ ಅಳೆಯುವ ವ್ಯವಸ್ಥೆ ಇದ್ದದ್ದು ಟ್ಯಾಂಕಿನ ತಳದಲ್ಲಿ. ಮೇಲಿನ ಪದರ ಕಾಯುತ್ತಿದ್ದರೂ ಅದನ್ನು ತಿಳಿಯುವ ದಾರಿ ಇರಲಿಲ್ಲ. ಟೆಕ್ಸಾಸ್ ವರದಿ ಬಂದು ಆಗಲೇ ಹದಿಮೂರು ವರ್ಷವಾಗಿತ್ತು.

ಗೇಜೂ ಕಂಪ್ಯೂಟರ್ ದಾಖಲೆಯೂ ಇಲ್ಲದ ಕಡೆ ತನಿಖೆ ಹೇಗೆ ನಡೆಯುತ್ತದೆ? ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಇಂಪೀರಿಯಲ್ ಶುಗರ್ ಕಂಪನಿಯ ಸಕ್ಕರೆ ಶುದ್ಧೀಕರಣ ಕಾರ್ಖಾನೆ 2008ರ ಫೆಬ್ರವರಿ 7ರ ಸಂಜೆ ಏಳೂಕಾಲರ ಸುಮಾರಿಗೆ ಸಿಡಿಯಿತು. ಎಂಟು ಮಂದಿ ಅಲ್ಲೇ ಸತ್ತರು, ಆರು ಮಂದಿ ಸುಟ್ಟಗಾಯದ ಆಸ್ಪತ್ರೆಯಲ್ಲಿ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಓದುಗರು ಸಕ್ಕರೆ ಕಾರ್ಖಾನೆಗಳ ನಡುವೆಯೇ ಬೆಳೆದವರು. ಅವರಲ್ಲೂ ಎಷ್ಟು ಜನ ಸಕ್ಕರೆಯನ್ನು ಸ್ಫೋಟಕ ಎಂದು ಯೋಚಿಸಿರಬಹುದು? ಹರಳು ಸಕ್ಕರೆ ಸಿಡಿಯುವುದಿಲ್ಲ. ಅದರ ನುಣ್ಣನೆಯ ಧೂಳು ಗಾಳಿಯಲ್ಲಿ ತಕ್ಕಷ್ಟು ದಟ್ಟವಾಗಿ ತೇಲುತ್ತಿದ್ದು, ಸುತ್ತ ಗೋಡೆಯಿದ್ದು, ಒಂದು ಕಿಡಿ ಬಿದ್ದರೆ ಸಿಡಿಯುತ್ತದೆ. ಹಿಟ್ಟು, ಮರದ ಪುಡಿ, ಪ್ಲಾಸ್ಟಿಕ್ ಪುಡಿ, ಅಲ್ಯೂಮಿನಿಯಂ ಪುಡಿ ಎಲ್ಲವೂ ಹಾಗೇ.

ಕೆಮಿಕಲ್ ಸೇಫ್ಟಿ ಬೋರ್ಡಿನ ತನಿಖೆದಾರರು ಹೋದಾಗ ಅಲ್ಲಿದ್ದದ್ದು ಕರಗಿ ಗಟ್ಟಿಯಾದ ಸಕ್ಕರೆ, ಮುರಿದ ಕಾಂಕ್ರೀಟ್, ಸೊಟ್ಟಗಾದ ಉಕ್ಕು. ಅವರು ಓದಿದ್ದು ಆ ಉಕ್ಕನ್ನೇ. ತಗಡು ಯಾವ ಕಡೆಗೆ ಬಾಗಿದೆ, ನೆಲದ ಕಾಂಕ್ರೀಟ್ ಕೆಳಗಿನಿಂದ ಮೇಲಕ್ಕೆದ್ದಿದೆಯೋ ಮೇಲಿನಿಂದ ಕುಸಿದಿದೆಯೋ, ಗೋಡೆಯ ಯಾವ ಮುಖ ಸುಟ್ಟಿದೆ. ಒಂದೊಂದನ್ನೂ ಗುರುತಿಸಿ ನಕ್ಷೆಯಲ್ಲಿ ಬಾಣ ಹಾಕುತ್ತಾ ಹೋದರೆ ಬಾಣಗಳೆಲ್ಲ ಹಿಂದಕ್ಕೆ ಒಂದು ಜಾಗವನ್ನು ತೋರಿಸತೊಡಗುತ್ತವೆ. ಇಲ್ಲಿ ಅವು ತೋರಿಸಿದ್ದು ಎತ್ತರದ ಸಕ್ಕರೆ ಸೈಲೋಗಳ ಕೆಳಗಿನ ಸುರಂಗವನ್ನು. ಅಲ್ಲಿ ಸಕ್ಕರೆ ಸಾಗಿಸುವ ಒಂದು ಕನ್ವೇಯರ್. ದಶಕಗಳ ಕಾಲ ಅದು ತೆರೆದೇ ಓಡಿತ್ತು. ಸಕ್ಕರೆಯೊಳಗೆ ಕಸ ಬೀಳಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ 2007ರಲ್ಲಿ ಅದಕ್ಕೆ ಉಕ್ಕಿನ ಹೊದಿಕೆ ಹಾಕಿದರು. ಮೊದಲು ಸುರಂಗದಲ್ಲಿ ಚದುರಿಹೋಗುತ್ತಿದ್ದ ಧೂಳು ಈಗ ಹೊದಿಕೆಯೊಳಗೆ ಸೇರಿ ದಟ್ಟವಾಯಿತು. ಕಾದ ಒಂದು ಬೇರಿಂಗ್ ಅದಕ್ಕೆ ಬೆಂಕಿ ತಗುಲಿಸಿರಬೇಕು ಎಂಬುದು ತನಿಖೆಯ ನಿರ್ಣಯ.

ಆದರೆ ಆ ಮೊದಲ ಸ್ಫೋಟವೊಂದೇ ಇಷ್ಟು ಜನರನ್ನು ಕೊಂದದ್ದಲ್ಲ. ಅದರ ಅಲೆ ಕಟ್ಟಡಗಳ ಮಹಡಿ ಮಹಡಿಗಳನ್ನು ನಡುಗಿಸಿ, ನೆಲದ ಮೇಲೆ, ತೊಲೆಗಳ ಮೇಲೆ, ಪೈಪುಗಳ ಮೇಲೆ ಪದರ ಪದರವಾಗಿ ಕೂತಿದ್ದ ಧೂಳನ್ನೆಲ್ಲ ಗಾಳಿಗೆ ಎಬ್ಬಿಸಿತು. ಹಿಂದೆಯೇ ಬಂದ ಬೆಂಕಿ ಅದನ್ನು ಹೊತ್ತಿಸಿತು. ಪ್ಯಾಕಿಂಗ್ ಕಟ್ಟಡಗಳು ಒಂದಾದ ಮೇಲೊಂದು ಸಿಡಿದವು. ಗುಡಿಸದೆ ಬಿಟ್ಟ ಧೂಳು ಹೀಗೆ ಕೊಲ್ಲುತ್ತದೆ. ಅಪಾಯ ಹೊಸದಾಗಿ ತಿಳಿದದ್ದೂ ಅಲ್ಲ. ಸಕ್ಕರೆ ಧೂಳು ಸಿಡಿಯಬಹುದು ಎಂಬ ಆತಂಕ ಕಾರ್ಖಾನೆಯ 1967ರ ಆಂತರಿಕ ಪತ್ರಗಳಲ್ಲೇ ಇತ್ತು. ಸ್ಫೋಟಕ್ಕೆ ಎರಡು ವರ್ಷ ಮೊದಲು, 2006ರಲ್ಲಿ, ಇದೇ ಮಂಡಳಿ 1980ರಿಂದ 2005ರವರೆಗೆ ಅಮೆರಿಕದಲ್ಲಿ ನಡೆದ 281 ಧೂಳು ಅವಘಡಗಳನ್ನು ಪಟ್ಟಿಮಾಡಿ, 119 ಮಂದಿ ಸತ್ತಿದ್ದಾರೆ, ದೇಶಕ್ಕೆಲ್ಲ ಒಂದು ಧೂಳು ನಿಯಮ ಬೇಕು ಎಂದು ಶಿಫಾರಸು ಮಾಡಿತ್ತು. ಆ ನಿಯಮ ಇಂದಿಗೂ ಬಂದಿಲ್ಲ.

ಇದನ್ನು ಹೇಳಲೇಬೇಕು, ಯಾಕೆಂದರೆ ಆ ಮಂಡಳಿಯ ಕೈಯಲ್ಲಿ ದಂಡ ಹಾಕುವ ಅಧಿಕಾರವಿಲ್ಲ, ನಿಯಮ ಮಾಡುವ ಅಧಿಕಾರವಿಲ್ಲ. 1990ರ ಕಾನೂನಿನಿಂದ ಹುಟ್ಟಿ 1998ರಲ್ಲಿ ಕೆಲಸ ಶುರುಮಾಡಿದ ಸಣ್ಣ ಸಂಸ್ಥೆ ಅದು. ಆ ಕಾನೂನಿನ ಹಿಂದಿದ್ದ ಆತಂಕಗಳಲ್ಲಿ ನಮ್ಮ ಭೋಪಾಲವೂ ಒಂದು. ಅದರ ನಿರ್ಣಯಗಳನ್ನು ಪರಿಹಾರದ ಮೊಕದ್ದಮೆಗಳಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಇದು ದೌರ್ಬಲ್ಯದಂತೆ ಕಾಣುತ್ತದೆ, ಆದರೆ ಇದರಿಂದಲೇ ಅದಕ್ಕೆ ಬಲ ಬಂದಿದೆ ಎಂದು ನನ್ನ ಎಣಿಕೆ. ಶಿಕ್ಷೆ ಕೊಡಿಸಲು ಬಂದವರ ಮುಂದೆ ಆಪರೇಟರ್ ಬಾಯಿ ಬಿಡುವುದಿಲ್ಲ. ಶಿಕ್ಷೆ ಪೊಲೀಸರಿಗೂ ನ್ಯಾಯಾಲಯಕ್ಕೂ ಬಿಟ್ಟದ್ದು, ನಮಗೆ ಬೇಕಾದದ್ದು ಕಾರಣ ಎಂದಾಗ ಬಿಡುತ್ತಾನೆ. ಹಾಗೆ ಬಂದ ಶಿಫಾರಸುಗಳಿಂದ ಕೆಲವು ಸಂಗತಿಗಳು ನಿಜವಾಗಿ ಬದಲಾಗಿವೆ. ಟೆಕ್ಸಾಸ್ ನಂತರ, ಅಪಾಯದ ಘಟಕಗಳ ಬಳಿ ಟ್ರೇಲರ್ ನಿಲ್ಲಿಸುವುದಕ್ಕೆ ತೈಲ ಉದ್ಯಮವೇ ಹೊಸ ಮಾನದಂಡ ಬರೆದುಕೊಂಡಿತು. 2007ರ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಟಿ2 ಲ್ಯಾಬೊರೇಟರೀಸ್‌ನಲ್ಲಿ ತಂಪುಗೊಳಿಸುವ ವ್ಯವಸ್ಥೆ ಕೈಕೊಟ್ಟು ರಿಯಾಕ್ಟರ್ ಸಿಡಿದು ನಾಲ್ವರು ಸತ್ತ ಮೇಲೆ, ನಿಯಂತ್ರಣ ತಪ್ಪುವ ರಾಸಾಯನಿಕ ಕ್ರಿಯೆಗಳ ಪಾಠ ಅಲ್ಲಿನ ಕೆಮಿಕಲ್ ಎಂಜಿನಿಯರಿಂಗ್ ಪಠ್ಯಕ್ರಮದೊಳಗೆ ಬಂತು. ಇಂಥ ಮಂಡಳಿಯನ್ನೇ ಮುಚ್ಚುವ ಪ್ರಸ್ತಾವವನ್ನು 2025ರಲ್ಲಿ ಅಮೆರಿಕ ಸರ್ಕಾರ ಬಜೆಟ್ಟಿನಲ್ಲಿ ಮುಂದಿಟ್ಟಿತು ಎಂಬುದು ನೋವಿನ ಮಾತು.

ನಮ್ಮಲ್ಲಿ ಇಂಥದೊಂದು ಸಂಸ್ಥೆ ಹುಟ್ಟಲೇ ಇಲ್ಲ. ಭೋಪಾಲದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಪ್ರಕ್ರಿಯೆಗಳ ಅವಘಡಗಳಿಗೆ ಕೇಂದ್ರ ಸರ್ಕಾರ ವಿಚಾರಣಾ ಸಮಿತಿ ನೇಮಿಸಬಹುದು ಎಂದು ಬರೆದರು. ನೇಮಿಸಬಹುದು ಅಷ್ಟೆ, ಅದರ ಶಿಫಾರಸುಗಳೂ ಸಲಹೆ ಮಾತ್ರ. ಹಾಗಾಗಿ ಪ್ರತಿ ದೊಡ್ಡ ಅವಘಡಕ್ಕೂ ಹೊಸ ಸಮಿತಿ. ಅದು ವರದಿ ಕೊಟ್ಟು ಚದುರಿಹೋಗುತ್ತದೆ, ಕಲಿತದ್ದು ಒಂದೆಡೆ ಕೂಡಿ ಉಳಿಯುವುದಿಲ್ಲ. ನಿತ್ಯದ ಅವಘಡಗಳ ತನಿಖೆಯೋ, ಆ ಕಾರ್ಖಾನೆಗೆ ಪರವಾನಗಿ ಕೊಟ್ಟ, ಅದನ್ನು ತಪಾಸಣೆ ಮಾಡಬೇಕಿದ್ದ ಇಲಾಖೆಯ ಪಾಲಿಗೆ. ತನ್ನ ತಪಾಸಣೆಯಲ್ಲೇ ಲೋಪವಿದ್ದರೆ ಅದನ್ನು ಆ ಇಲಾಖೆ ತಾನೇ ಬರೆದುಕೊಳ್ಳಬೇಕು.

ಸ್ವತಂತ್ರ ತನಿಖೆ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ರೈಲು ಅಪಘಾತಗಳನ್ನು ತನಿಖೆ ಮಾಡುವ ರೈಲ್ವೆ ಸುರಕ್ಷತಾ ಆಯೋಗವನ್ನು ರೈಲ್ವೆ ಸಚಿವಾಲಯದ ಕೈಕೆಳಗೆ ಇಟ್ಟಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಇಟ್ಟಿದ್ದೇವೆ. ರೈಲು ಓಡಿಸುವವರೇ ರೈಲು ಬಿದ್ದದ್ದಕ್ಕೆ ಕಾರಣ ಹೇಳಬಾರದು ಎಂಬ ವಿವೇಕ ಅದರ ಹಿಂದಿದೆ. ಅದರ ದಕ್ಷಿಣ ವೃತ್ತದ ಕಚೇರಿ ಬೆಂಗಳೂರಿನಲ್ಲೇ ಇದೆ. ರೈಲು ಪ್ರಯಾಣಿಕನಿಗೆ ಸಿಕ್ಕ ಆ ವಿವೇಕ ಕಾರ್ಖಾನೆ ಕಾರ್ಮಿಕನಿಗೆ ಯಾಕೆ ಸಿಗಬಾರದು ಎಂಬ ಪ್ರಶ್ನೆಗೆ ನನಗೆ ಇದುವರೆಗೆ ಒಪ್ಪುವಂಥ ಉತ್ತರ ಕಂಡಿಲ್ಲ.

2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನಲ್ಲಿ, ಮಾತ್ರೆಗಳಿಗೆ ಬೆರೆಸುವ ಸೆಲ್ಯುಲೋಸ್ ಪುಡಿ ತಯಾರಿಸುವ ಕಾರ್ಖಾನೆ ಸಿಡಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಸೆಲ್ಯುಲೋಸ್ ಕೂಡ ಸಕ್ಕರೆಯಂತೆ ಸಿಡಿಯಬಲ್ಲ ಪುಡಿ. ಸತ್ತವರಲ್ಲಿ ಅನೇಕರು ದೂರದ ರಾಜ್ಯಗಳಿಂದ ದುಡಿಯಲು ಬಂದವರು. ಅವರ ಮನೆಯವರಿಗೆ ಪರಿಹಾರದ ಜೊತೆಗೆ ಕಾರಣವೂ ಸಲ್ಲಬೇಕು. ಯಾವ ಯಂತ್ರ, ಯಾವ ಧೂಳು, ಯಾವ ನಿರ್ಧಾರ ಎಂದು ಅವರದೇ ಭಾಷೆಯಲ್ಲಿ ಓದಬಹುದಾದ ವರದಿ ಸಲ್ಲಬೇಕು. ಟೆಕ್ಸಾಸ್ ಸಿಟಿಯ ಸ್ಫೋಟದಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಒಬ್ಬ ಯುವತಿ, ಸತ್ತವರ ಉಳಿದ ಕುಟುಂಬಗಳೆಲ್ಲ ರಾಜಿಯಾದ ಮೇಲೂ ಮೊಕದ್ದಮೆ ಬಿಡದೆ ನಿಂತಳು. 2006ರಲ್ಲಿ ಕೊನೆಗೂ ರಾಜಿಗೆ ಒಪ್ಪಿದಾಗ ಹಣದ ಜೊತೆಗೆ ಅವಳು ಹಟ ಹಿಡಿದು ಕೇಳಿ ಪಡೆದದ್ದು, ಆ ಸ್ಫೋಟಕ್ಕೆ ಸಂಬಂಧಿಸಿದ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಯಾರು ಬೇಕಾದರೂ ಓದುವಂತೆ ಬಹಿರಂಗಪಡಿಸಬೇಕು ಎಂಬ ಷರತ್ತನ್ನು.